ನದಿಯಾಚೆಯ ಕಾಯ್ದೆ

ಹತ್ತಿಯ ಊರು

ಅಮೆರಿಕಕ್ಕೆ ಹೋಗಿ ಬಂದವರ ಮೊಬೈಲಿನಲ್ಲಿ ಜಲಪಾತವಿರುತ್ತದೆ, ಮುಗಿಲು ಮುಟ್ಟುವ ಕಟ್ಟಡಗಳಿರುತ್ತವೆ. ನನ್ನ ಮೊಬೈಲಿನಲ್ಲಿರುವುದು ಬರೀ ಹತ್ತಿ ಹೊಲ. ಬೈಲಹೊಂಗಲ ಕೋರ್ಟಿನ ವಕೀಲರ ಕೋಣೆಯಲ್ಲಿ ಅದನ್ನು ತೋರಿಸಿದಾಗ ನಮ್ಮ ಹಿರಿಯ ವಕೀಲರೊಬ್ಬರು ಕನ್ನಡಕ ಏರಿಸಿ ನೋಡಿ, “ಇದನ್ನ ನೋಡಾಕ ವಿಮಾನ ಹತ್ತಬೇಕಿತ್ತೇನ್ರಿ ಮೇಡಂ? ನಮ್ಮ ದೊಡವಾಡದ ಹಾದಿಗೆ ಬಂದಿದ್ರ ಚಹಾ ಕುಡಿಸಿ ತೋರಸ್ತಿದ್ದೆ” ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ತಂಗಿ ನೀಲಾ ಇರುವುದು ಟೆನೆಸೀ ಎಂಬ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಊರಿನ ಸುತ್ತ ಹತ್ತಿಯೋ ಹತ್ತಿ. ಅವಳ ಗಂಡ ಈರಣ್ಣ ರಾಮದುರ್ಗದವರು, ಹತ್ತಿ ತಳಿಗಳ ಸಂಶೋಧನೆ ಅವರ ಕೆಲಸ. ನಮ್ಮ ಅಪ್ಪ ಬೈಲಹೊಂಗಲ ಪೇಟೆಯಲ್ಲಿ ಹತ್ತಿ ದಲಾಲಿ ಅಂಗಡಿ ಇಟ್ಟಿದ್ದವರು. ಹೀಗಾಗಿ ಆ ಊರಿಗೆ ಕಾಲಿಟ್ಟ ಮರುದಿನವೇ ನಾನು ರಸ್ತೆ ಬದಿಯ ಹೊಲಕ್ಕಿಳಿದು, ಒಡೆದ ಕಾಯಿಯಿಂದ ಒಂದಿಷ್ಟು ಹತ್ತಿ ಬಿಡಿಸಿ, ಅಪ್ಪ ಮಾಡುತ್ತಿದ್ದಂತೆ ಎರಡು ಹೆಬ್ಬೆರಳುಗಳ ನಡುವೆ ಹಿಂಜಿ ಎಳೆಯ ಉದ್ದ ನೋಡತೊಡಗಿದೆ. ಹೊಲದ ಮಾಲೀಕ ಕೂಗುತ್ತ ಬಂದ. ಈರಣ್ಣ ಓಡಿ ಬಂದು ಕೈಮುಗಿಯುವುದೊಂದು ಬಾಕಿ. ಆ ಮನುಷ್ಯ ನನ್ನ ಕೈಯನ್ನು ನೋಡಿದ, ತಾನೂ ಒಂದು ಕಾಯಿ ಬಿಡಿಸಿ ಅದೇ ರೀತಿ ಎಳೆದು ನೋಡಿದ, ಆಮೇಲೆ ಒಂದು ಬೊಗಸೆ ಹತ್ತಿ ಕೊಟ್ಟು ಕಳಿಸಿದ.

ನಾನು ಹೋದದ್ದು ಹೊಲ ನೋಡಲಿಕ್ಕಲ್ಲ, ನೀಲಾಳ ಕುಬಸ ಮಾಡಲು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳು ಬಸುರಾಗಿದ್ದಳು. ಐದನೇ ತಿಂಗಳು. ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ಮುರಗೋಡದಲ್ಲಿರುವ ಅವ್ವನಿಗೆ ಮೊಣಕಾಲು ನೋವು, ಅಷ್ಟು ದೂರ ಕೂತು ಬರಲು ಆಗದು. ಆದ್ದರಿಂದ ಕೋರ್ಟಿನ ದಸರಾ ರಜೆಗೆ ಇನ್ನಷ್ಟು ರಜೆ ಹೊಲಿದುಕೊಂಡು ನಾನು ಹೊರಟೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಉಂಡಿ, ಹೀಗೆ ಅವ್ವ ಕಟ್ಟಿಕೊಟ್ಟದ್ದರಲ್ಲೇ ಪೆಟ್ಟಿಗೆಗಳು ತುಂಬಿ ನನ್ನ ಬಟ್ಟೆಗೆ ಜಾಗ ಉಳಿಯಲಿಲ್ಲ.

ಇಲ್ಲಿ ಬರುವ ಹೆಸರುಗಳನ್ನು ಬದಲಿಸಿದ್ದೇನೆ, ಅಮೆರಿಕದ ಊರುಗಳ ಹೆಸರು ಬರೆದಿಲ್ಲ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ. ಬರೆಯಲು ನೀಲಾಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಸ್ಕ್ಯಾನಿಂಗ್ ಕೋಣೆ

ನಮ್ಮಲ್ಲಿ ಸವದತ್ತಿಯಾಗಲಿ ಬೈಲಹೊಂಗಲವಾಗಲಿ, ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಂದು ಬೋರ್ಡು. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಬಸುರಿಯ ಜೊತೆ ಹೋದ ನಾವೆಲ್ಲ ಆ ಬೋರ್ಡಿನ ಕೆಳಗೆ ಕಳ್ಳರ ಹಾಗೆ ಕೂತು, ಒಳಗೆ ಹೋದರೆ ಪರದೆಯ ಕಡೆಗೂ ಸರಿಯಾಗಿ ನೋಡದೆ ಬರುತ್ತೇವೆ.

ಕುಬಸಕ್ಕೆ ನಾಲ್ಕಾರು ದಿನ ಮುಂಚೆ ನೀಲಾಳ ದೊಡ್ಡ ಸ್ಕ್ಯಾನಿಂಗ್ ಇತ್ತು. ನಾನೂ ಹೋದೆ. ಸ್ಕ್ಯಾನಿಂಗ್ ಮಾಡುವ ಹುಡುಗಿ ಬಲು ನಗುಮುಖದವಳು. ನೀಲಾಳ ಹೊಟ್ಟೆಗೆ ಎಣ್ಣೆಯಂಥದೇನೋ ಸವರುತ್ತ, “ಗಂಡೋ ಹೆಣ್ಣೋ ತಿಳಿಯುವ ಆಸೆಯಿದೆಯೇ?” ಎಂದು ಕೇಳಿಯೇಬಿಟ್ಟಳು.

ನಾನು ಕುರ್ಚಿಯಿಂದ ಜಿಗಿದು ಎದ್ದೆ. “ನೋ! ನೋ! ನಾವು ಕೇಳಿಲ್ಲ. ನೀವು ಹೇಳಬೇಡಿ. ನಾನು ವಕೀಲೆ!” ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಹುಡುಗಿ ಕೈಯಲ್ಲಿನ ಉಪಕರಣವನ್ನು ಹಾಗೇ ಹಿಡಿದು ಬಾಯಿ ತೆರೆದು ನಿಂತಳು.

“ಅಕ್ಕಾ, ಸುಮ್ಕ ಕುಂಡ್ರು. ಇಲ್ಲಿ ಕೇಳಬಹುದು, ಹೇಳಬಹುದು,” ಎಂದಳು ನೀಲಾ.

“ಹೇಳಬಹುದಂದ್ರ? ಯಾರರ ಕೇಳಿಸಿಕೊಂಡ್ರ ನಿನ್ನನ್ನೂ ನನ್ನನ್ನೂ ಕೂಡಿ ಒಳಗ ಹಾಕ್ತಾರ!”

“ಇದು ಬೈಲಹೊಂಗಲ ಅಲ್ಲ, ಅಕ್ಕಾ.”

ನೀಲಾ ಹೊಟ್ಟೆ ಕುಲುಕಿಸಿ ನಕ್ಕಳು. ಅರ್ಥವಾಗದಿದ್ದರೂ ಆ ಹುಡುಗಿಯೂ ನಕ್ಕಳು. ನಾನೂ ನಗುತ್ತ ಕೂತೆ. ಹುಡುಗಿ ಮತ್ತೆ ಕೆಲಸಕ್ಕೆ ತೊಡಗಿದಳು. ನೋಡನೋಡುತ್ತಿದ್ದಂತೆ ಅವಳ ಮುಖದ ನಗು ಹೋಯಿತು. ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡಿದಳು, ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. “ಡಾಕ್ಟರನ್ನು ಕರೆತರುತ್ತೇನೆ” ಎಂದು ಹೋದವಳು ತಾನು ತಿರುಗಿ ಬರಲಿಲ್ಲ.

ಡಾಕ್ಟರು ನೆರೆತ ತಲೆಯ ಮನುಷ್ಯ. ಬಾಗಿಲು ಮುಚ್ಚಿ, ಸ್ಟೂಲು ಎಳೆದುಕೊಂಡು ನೀಲಾಳ ಪಕ್ಕ ಕೂತರು. ಕೂಸಿನ ಎರಡೂ ಮೂತ್ರಪಿಂಡಗಳು ಬೆಳೆದಿಲ್ಲ. ಹಾಗಾಗಿ ಸುತ್ತ ನೀರಿಲ್ಲ, ನೀರಿಲ್ಲದೆ ಪುಪ್ಪುಸಗಳು ಬಲಿಯುವುದಿಲ್ಲ. ಹೊಟ್ಟೆಯಲ್ಲಿರುವ ತನಕ ಇರಬಹುದು, ಹೊರಗೆ ಬಂದರೆ ಉಸಿರಾಡಲಾರದು. ಇದಕ್ಕೆ ಮದ್ದಿಲ್ಲ. ಇದನ್ನೆಲ್ಲ ಅವರು ಸಮಾಧಾನದಿಂದಲೇ ಹೇಳಿದರು. ನೀಲಾ ಅಳಲಿಲ್ಲ. “ಮುಂದೇನು?” ಎಂದಷ್ಟೇ ಕೇಳಿದಳು.

“ಕಾಯೋಣ,” ಎಂದರು.

“ಎಲ್ಲಿಯ ತನಕ?” ಇದನ್ನು ಕೇಳಿದ್ದು ನಾನು. ಅವಳ ರಕ್ತದ ಒತ್ತಡ ಆಗಲೇ ಏರುತ್ತಿದೆ ಎಂದು ಅವರೇ ಹಿಂದಿನ ಸಲ ಹೇಳಿದ್ದರು.

ಅವರು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದರು. ಈ ರಾಜ್ಯದಲ್ಲಿ ಗರ್ಭಪಾತಕ್ಕೆ ನಿಷೇಧವಿದೆ. ತಾಯಿಯ ಜೀವಕ್ಕೇ ಅಪಾಯ ಬಂದರೆ ಮಾತು ಬೇರೆ. ಬದುಕಲಾರದ ಕೂಸು ಎಂಬ ಕಾರಣ ಕಾಯ್ದೆಗೆ ಸಾಲದು. ಅವಳಿಗೆ ಅಪಾಯ ಬರುವ ಮೊದಲೇ ತಾವು ಏನಾದರೂ ಮಾಡಿದರೆ ತಮಗೆ ಜೈಲು. ಹಾಗಾದರೆ ಎಲ್ಲಿ ಮಾಡುತ್ತಾರೆ ಎಂದೆ. ಅವರು ಎದ್ದು ನಿಂತು, ನಮ್ಮನ್ನು ಬಾಗಿಲ ತನಕ ಬಿಟ್ಟು, ನನ್ನ ಕಡೆ ತಿರುಗಿ, “ನೀವು ಪ್ರವಾಸಕ್ಕೆ ಬಂದವರಲ್ಲವೇ? ಇಲಿನಾಯ್ ರಾಜ್ಯ ಈ ಕಾಲದಲ್ಲಿ ಬಹಳ ಚಂದ. ನೋಡದೆ ಹೋಗಬೇಡಿ” ಎಂದರು.

ಹೇಳುವಾಗ ಅವರ ಕಣ್ಣು ಕೆಂಪಾಗಿದ್ದವು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಹೇಳಲಿಕ್ಕೂ ಅವರಿಗೆ ಧೈರ್ಯ ಬೇಕಾಗಿತ್ತು ಎಂದು ಆಮೇಲೆ ತಿಳಿಯಿತು.

ಅಡಿಗೆಮನೆಯ ವಾದ

ಮನೆಗೆ ಬಂದು ನಾವು ವಾದಕ್ಕೆ ಕೂತೆವು. ನಾನು ಇಪ್ಪತ್ತು ವರ್ಷದಿಂದ ಹೊಲ-ಮನೆ ಪಾಲಿನ ದಾವೆ ನಡೆಸಿದವಳು, ನನಗೆ ಗೆಲ್ಲುವುದೊಂದೇ ಗೊತ್ತು. ಊರಿಗೆ ಹೋಗೋಣ ಎಂಬುದು ನನ್ನ ವಾದ.

“ನಮ್ಮ ಕಾಯ್ದೇದಾಗ ಅವಕಾಶ ಐತಿ. ಇಂಥಾ ಕೂಸಿದ್ರ, ಡಾಕ್ಟರ ಮಂಡಳಿ ಹೂಂ ಅಂದ್ರ ಎಷ್ಟ ತಿಂಗಳಾಗಿದ್ರೂ ನಡೀತೈತಿ. ಬೆಳಗಾವ್ಯಾಗ ದವಾಖಾನಿಗೇನ ಬರಗಾಲ ಇಲ್ಲ. ನಾಳಿಗೆ ಟಿಕೆಟ್ ತಗಸ್ರಿ, ಈರಣ್ಣ.”

“ಅಕ್ಕಾರ, ಬಿ.ಪಿ. ಇಟಕೊಂಡ ಅಷ್ಟ ತಾಸು ವಿಮಾನದಾಗ ಹೆಂಗ ಕುಂಡ್ರತಾಳ್ರಿ? ನಡುವ ಏನರ ಆದ್ರ?” ಎಂದರು ಈರಣ್ಣ.

“ಹಂಗಾರ ಡಾಕ್ಟರ ಹೇಳಿದ ಇಲಿನಾಯ್‌ಗೆ ಹೋಗೂಣು, ಅಲ್ಲಿ ನಿಷೇಧ ಇಲ್ಲಂತ.”

ಅದಕ್ಕೂ ಅವರು ಹೂಂ ಅನ್ನಲಿಲ್ಲ. ಗಡಿ ದಾಟಿದ ಗಾಡಿಗಳ ನಂಬರು ನೋಡುತ್ತಾರಂತೆ, ಮೊಬೈಲಿನಲ್ಲಿ ಏನು ಹುಡುಕಿದೆವು ಎಂದು ತೆಗೆಯುತ್ತಾರಂತೆ, ಕೇಸಾದರೆ ವೀಸಾ ಹೋಗುತ್ತದಂತೆ. ಎಲ್ಲ ಅಂತೆಕಂತೆಗಳೇ. ಆದರೆ ಪರದೇಶದಲ್ಲಿ ಇರುವವರಿಗೆ ಅಂತೆ ಎಂಬುದು ಎಷ್ಟು ಭಾರವೆಂದು ನನಗೆ ಅವರ ಮುಖ ನೋಡಿಯೇ ಗೊತ್ತಾದದ್ದು. ಹೆಂಡತಿಯ ಜೀವಕ್ಕೆ ಅಂಜುವುದೋ, ಇಬ್ಬರ ಅನ್ನಕ್ಕೆ ಅಂಜುವುದೋ, ಪಾಪ ಅವರಿಗೆ ತಿಳಿಯದಾಗಿತ್ತು.

ನಡುವೆ, ಸುದ್ದಿ ತಿಳಿದು, ಮುರಗೋಡದಿಂದ ಅವ್ವನ ವಿಡಿಯೋ ಕರೆ ಬಂತು. ಫೋನನ್ನು ಕಿವಿಗೇ ಹಿಡಿಯುವ ರೂಢಿ ಅವಳದು. ಹೀಗಾಗಿ ನಮಗೆ ಅವಳ ಕಿವಿಯ ಬೆಂಡೋಲೆ ಮಾತ್ರ ಕಂಡಿತು. “ಯಲ್ಲಮ್ಮಗ ಬೇಡಕೊಂಡೇನಿ. ಮಠದ ಅಜ್ಜಾರ್ನೂ ಕೇಳತೇನಿ. ಅಲ್ಲೀತನಕ ಯಾರೂ ಏನೂ ಮಾಡಬ್ಯಾಡ್ರಿ,” ಎಂದು ಬೆಂಡೋಲೆ ಹೇಳಿತು.

ನಾವು ಹೀಗೆ ಮೂರು ದಿಕ್ಕಿಗೆ ಎಳೆಯುವಾಗ ನೀಲಾ ಒಲೆಯ ಹತ್ತಿರ ನಿಂತು ಎಲ್ಲರಿಗೂ ಚಹಾ ಮಾಡುತ್ತಿದ್ದಳು. ಯಾರಿಗೆ ಸಕ್ಕರೆ ಎಷ್ಟು ಎಂದು ಅವಳು ಕೇಳಿದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮಾರನೆಯ ದಿನ ಈರಣ್ಣನವರ ಜೊತೆ ಕೆಲಸ ಮಾಡುವವರೊಬ್ಬರ ಹೆಂಡತಿ ವಿಷಯ ತಿಳಿದು ಮನೆಗೆ ಬಂದು, ಇಲಿನಾಯ್‌ನ ಒಂದು ಆಸ್ಪತ್ರೆಗೆ ತಾನೇ ಫೋನು ಹಚ್ಚಿ ನಮ್ಮನ್ನು ಮಾತಾಡಿಸಿದಳು. ಫೋನಿನ ಆ ಕಡೆ ಒಬ್ಬ ಹೆಂಗಸು ನಿಧಾನವಾಗಿ, ಎರಡೆರಡು ಸಲ ಬಿಡಿಸಿ ಹೇಳಿದಳು. ಅವರ ರಾಜ್ಯದ ಕಾಯ್ದೆಯ ಪ್ರಕಾರ ಇದು ಹೆಂಗಸಿನ ಹಕ್ಕು. ಬೇರೆ ರಾಜ್ಯದಿಂದ ಬಂದವಳಿಗೂ ಅದೇ ಕಾಯ್ದೆ. ತಮ್ಮ ನೆಲದಲ್ಲಿ ಕಾಯ್ದೆ ಪ್ರಕಾರ ಆದ ಚಿಕಿತ್ಸೆಯ ಬಗ್ಗೆ ಬೇರೆ ರಾಜ್ಯದವರು ತನಿಖೆ ಅಂತ ಬಂದರೆ ರಾಜ್ಯ ಅವರಿಗೆ ನೆರವಾಗುವುದಿಲ್ಲ. ಬಂದವರನ್ನೂ ನೋಡಿಕೊಂಡವರನ್ನೂ ಕಾಯಲೆಂದೇ ಕಾಯ್ದೆ ಮಾಡಿದ್ದಾರೆ.

ವಕೀಲೆಯಾದ ನನಗೆ ಮೊದಲು ಅನುಮಾನವೇ ಬಂತು. ಕಾಯ್ದೆ ಎಂದರೆ ಇದನ್ನು ಮಾಡಬೇಡ, ಅದಕ್ಕೆ ದಂಡ, ಇದಕ್ಕೆ ಜೈಲು ಎನ್ನುವುದನ್ನೇ ನಾನು ಹೆಚ್ಚಾಗಿ ಓದಿದ್ದು. ಒಂದು ರಾಜ್ಯ ಬಾಗಿಲಿಗೆ ಅಡ್ಡ ನಿಂತು, ಒಳಗೆ ಬಂದವರನ್ನು ಮುಟ್ಟಬೇಡಿ ಎನ್ನುವುದು ಹೊಸದು. ಈರಣ್ಣ ಫೋನಿಟ್ಟು ಎದ್ದರು. ಕಾರಿನ ಗಾಲಿಗಳ ಗಾಳಿ ನೋಡಲು ಹೋದರು. ಹೊರಡುವುದು ಖಾತ್ರಿಯಾಯಿತು.

ಕೆಂಟಕಿಯ ಪೊಲೀಸ್

ನಮ್ಮ ಬೆಳಗಾವಿ ಜಿಲ್ಲೆಯವರಿಗೆ ಗಡಿ ದಾಟುವುದು ಒಂದು ದೊಡ್ಡ ಮಾತೇ ಅಲ್ಲ. ಕಿತ್ತೂರಿನಲ್ಲಿ ಹೆದ್ದಾರಿ ಹತ್ತಿ, ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕೆ ಹೋದರೆ ಅಂಗಡಿ ಬೋರ್ಡಿನ ಅಕ್ಷರ ಬದಲಾಗುತ್ತದೆ, ಚಹಾಕ್ಕೆ ಸಕ್ಕರೆ ಹೆಚ್ಚಾಗುತ್ತದೆ. ಗೋವೆಗೆ ಹೋದರೆ ನಮ್ಮ ಗಂಡಸರ ಮುಖದ ಕಳೆ ಬದಲಾಗುತ್ತದೆ. ಆದರೆ ಬಸುರಿ ಹೆಂಗಸಿಗೆ ಅನ್ವಯಿಸುವ ಕಾಯ್ದೆ ಗಡಿಯ ಆಚೆಯೂ ಅದೇ, ಈಚೆಯೂ ಅದೇ. ಅಮೆರಿಕದಲ್ಲಿ ಹಾಗಿಲ್ಲ. ಟೆನೆಸೀ ದಾಟಿದರೆ ಕೆಂಟಕಿ, ಅಲ್ಲಿಯೂ ನಿಷೇಧ. ಕೆಂಟಕಿಯ ಅಂಚಿಗೆ ಒಹಾಯೊ ನದಿ. ನದಿಯ ಆಚೆ ಇಲಿನಾಯ್.

ಈರಣ್ಣ ಎಷ್ಟು ಅಂಜಿದ್ದರೆಂದರೆ ಆ ಅಗಲವಾದ ಹೆದ್ದಾರಿಯಲ್ಲಿ ಚಕ್ಕಡಿ ಹೊಡೆದ ಹಾಗೆ ಕಾರು ಹೊಡೆಯುತ್ತಿದ್ದರು. ಹಿಂದಿನವರೆಲ್ಲ ನಮ್ಮನ್ನು ದಾಟಿ ಹೋಗಿ ತಿರುಗಿ ನೋಡುತ್ತಿದ್ದರು. ಕೆಂಟಕಿಯಲ್ಲಿ ಇನ್ನೇನು ನದಿ ಹತ್ತಿರ ಬಂತು ಅನ್ನುವಾಗ ಹಿಂದೆ ಕೆಂಪು ನೀಲಿ ದೀಪ ಮಿನುಗಿತು. ಪೊಲೀಸರ ಗಾಡಿ. ಈರಣ್ಣನವರ ಕುತ್ತಿಗೆ ಬೆವೆತದ್ದು ಹಿಂದಿನ ಸೀಟಿನಲ್ಲಿದ್ದ ನನಗೆ ಕಂಡಿತು.

ಎತ್ತರದ ಪೊಲೀಸನೊಬ್ಬ ಕಿಟಕಿಗೆ ಬಂದು ಬಗ್ಗಿದ. ನಮ್ಮೂರಿನಲ್ಲಿ ಬಾಗಿಲಿಗೆ ಬಂದವರಿಗೆ ಏನಾದರೂ ಕೊಡುವುದು ರಕ್ತದಲ್ಲೇ ಬಂದದ್ದು. ಉಂಡಿಯ ಡಬ್ಬಿ ತೆಗೆಯೋಣವೆಂದು ನಾನು ಕಾಲ ಬಳಿಯ ಚೀಲಕ್ಕೆ ಕೈ ಹಾಕಿದೆ.

“ಅಕ್ಕಾ! ಕೈ ಮ್ಯಾಲ ಇಡು!” ನೀಲಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಚೀಲಕ್ಕ ಕೈ ಹಾಕಿದ್ರ ಇಲ್ಲಿ ಬಂದೂಕು ತಗದಿ ಅಂತ ತಿಳೀತಾರ!”

ನಾನು ಎರಡೂ ಕೈ ಎತ್ತಿದೆ. ಅಷ್ಟು ಎತ್ತಬೇಕಾಗಿರಲಿಲ್ಲವಂತೆ. ಪೊಲೀಸ ನನ್ನನ್ನು ನೋಡಿ, ಕೈ ಇಳಿಸಿ ಅಮ್ಮಾ ಎಂಬಂತೆ ಸನ್ನೆ ಮಾಡಿ, ಕಾರಿನ ಹಿಂದಿನ ದೀಪವೊಂದು ಹೋಗಿದೆ, ಸರಿಮಾಡಿಸಿಕೊಳ್ಳಿ ಎಂದ. ಎಲ್ಲಿಗೆ ಹೊರಟಿರಿ ಎಂದೂ ಕೇಳಿದ. ಈರಣ್ಣ ಹಿಂದೆ ತಿರುಗಿ ನನ್ನನ್ನು ನೋಡಿದರು. “ನದಿ ನೋಡಲು,” ಎಂದೆ ನಾನು. ನಿಧಾನ ಹೋಗಿ, ಆದರೆ ಇಷ್ಟು ನಿಧಾನ ಬೇಡ ಎಂದು ಹೇಳಿ ಹೋದ. ಆ ಪುಣ್ಯಾತ್ಮನಿಗೂ ನನ್ನದೊಂದು ನಮಸ್ಕಾರ.

ನದಿ ದೊಡ್ಡದು. ನವಿಲುತೀರ್ಥದಲ್ಲಿ ಅಣೆಕಟ್ಟು ತುಂಬಿದಾಗ ನೋಡಿದ ನೀರಿಗಿಂತ ಹೆಚ್ಚು. ಸೇತುವೆ ಮುಗಿದಲ್ಲಿ ಇಲಿನಾಯ್‌ಗೆ ಸ್ವಾಗತ ಎಂಬ ಬೋರ್ಡು ಇತ್ತು. ಅದನ್ನು ನೋಡಿ ಈರಣ್ಣ ಕಾರಿನ ವೇಗ ಏರಿಸಿದರು. ನೀಲಾ ಕಿಟಕಿ ಇಳಿಸಿದಳು.

ಮಾರ್ಥಾಳ ಮನೆ

ಆ ಆಸ್ಪತ್ರೆಯಿರುವ ಊರಿನಲ್ಲಿ, ಹೊರಗಿನಿಂದ ಬಂದವರಿಗೆ ತಮ್ಮ ಮನೆಯಲ್ಲಿ ಜಾಗ ಕೊಡುವವರು ಕೆಲವರಿದ್ದಾರೆ. ಹಣ ತೆಗೆದುಕೊಳ್ಳುವುದಿಲ್ಲ. ನಮಗೆ ಸಿಕ್ಕವಳು ಮಾರ್ಥಾ, ಎಪ್ಪತ್ತರ ಆಸುಪಾಸಿನ ಹೆಂಗಸು, ಒಂದು ಕಾಲಕ್ಕೆ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಗಂಡ ತೀರಿಹೋಗಿ ಬೆಕ್ಕಿನ ಜೊತೆ ಇದ್ದಾಳೆ. ಬಾಗಿಲು ತೆರೆದು, ಕೋಣೆ ತೋರಿಸಿ, ಬಿಸಿನೀರು ಬರುವ ನಲ್ಲಿ ಯಾವುದು ಎಂದು ಹೇಳಿ, ನಮ್ಮನ್ನು ನಮ್ಮಷ್ಟಕ್ಕೆ ಬಿಟ್ಟಳು. ಯಾಕೆ ಬಂದಿರಿ, ಎಷ್ಟು ತಿಂಗಳು, ಗಂಡನಿಗೆ ಪಗಾರ ಎಷ್ಟು, ಒಂದೂ ಪ್ರಶ್ನೆಯಿಲ್ಲ. ನಮ್ಮ ಕಡೆ ಸವದತ್ತಿಯಿಂದ ಮುನವಳ್ಳಿ ಬರುವುದರೊಳಗೆ ಬಸ್ಸಿನಲ್ಲಿ ಪಕ್ಕ ಕೂತವರು ಇಷ್ಟನ್ನೂ ಕೇಳಿ ಮುಗಿಸಿ, ಒಂದು ಸಂಬಂಧವನ್ನೂ ಹೇಳಿರುತ್ತಾರೆ.

ಕೇಳದವಳ ಮುಂದೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ನಾನೇ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ನನ್ನ ಮಗಳ ವಯಸ್ಸು ನಿನ್ನ ತಂಗಿಯದು” ಎಂದಳು. ಈ ಕಾಯ್ದೆಗಳೆಲ್ಲ ನಿಜವಾಗಿ ಕೆಲಸ ಮಾಡುತ್ತವೆಯೇ ಎಂದು ನಾನು ಕೇಳಿದೆ. “ನದಿಯ ಆಚೆಯ ಜನ ಎಷ್ಟೋ ಮಂದಿ ಈ ಸೋಫಾದ ಮೇಲೆ ಕೂತಿದ್ದಾರೆ. ಯಾರ ಬೆನ್ನು ಹತ್ತಿಯೂ ಯಾರೂ ನನ್ನ ಬಾಗಿಲು ಬಡಿದಿಲ್ಲ,” ಎಂದಳು. ಆ ಮಾತು ಕೇಳಿ ಈರಣ್ಣ ಮೊದಲ ಸಲ ಸರಿಯಾಗಿ ಊಟ ಮಾಡಿದರು.

ಬೆಳಿಗ್ಗೆ ಅವಳು ಓಟ್ಸ್ ಗಂಜಿ ಮಾಡಿಟ್ಟಿದ್ದಳು. ನೀಲಾ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ಮಾರ್ಥಾಳ ಒಪ್ಪಿಗೆ ಕೇಳಿ ಉಳಿದ ಓಟ್ಸಿಗೆ ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ ಉಪ್ಪಿಟ್ಟು ಕೆದಕಿದೆ. ಮೆಣಸಿನಕಾಯಿ ಘಾಟಿಗೆ ಅವಳ ಮನೆಯ ಹೊಗೆಯ ಅಲಾರಾಂ ಹೊಡೆದುಕೊಂಡು ಬೆಕ್ಕು ಕಪಾಟು ಹತ್ತಿ ಕೂತಿತು. ಮಾರ್ಥಾ ಟವೆಲ್ ಬೀಸುತ್ತ, ಕೆಮ್ಮುತ್ತ, ಎರಡು ಸಲ ಹಾಕಿಸಿಕೊಂಡು ತಿಂದಳು.

ಒಬ್ಬಳನ್ನೇ

ಆಸ್ಪತ್ರೆಯಲ್ಲಿ ನಮ್ಮನ್ನು ಕೂರಿಸಿಕೊಂಡವಳು ದಪ್ಪ ಜಡೆಯ ಒಬ್ಬ ಕರಿಯ ನರ್ಸಮ್ಮ. ನೀಲಾಳ ಕಡೆ ನೋಡಿ, “ಹೇಗಿದ್ದೀಯಮ್ಮ?” ಎಂದಳು.

“ನಿದ್ದೆಯಿಲ್ಲ, ತಲೆನೋವು, ಕಾಲು ಬಾತಿವೆ,” ಎಂದೆ ನಾನು.

“ಇಲ್ಲಿಗೆ ಬರಲು ಯಾವಾಗ ನಿರ್ಧಾರ ಮಾಡಿದೆ?”

“ಮೊನ್ನೆ,” ಎಂದರು ಈರಣ್ಣ.

“ಮೊನ್ನೆಯಲ್ಲ, ಅದರ ಹಿಂದಿನ ದಿನ,” ಎಂದು ನಾನು ತಿದ್ದಿದೆ.

ನಮ್ಮಲ್ಲಿ ದವಾಖಾನೆಗೆ ಹೋದರೆ ಹೀಗೇ ಅಲ್ಲವೇ? ಡಾಕ್ಟರು ಏನು ತ್ರಾಸು ಎಂದು ಪೇಷಂಟನ್ನು ಕೇಳಿದರೆ ಅತ್ತೆ ಒಂದು ಹೇಳುತ್ತಾಳೆ, ಗಂಡ ಒಂದು ಹೇಳುತ್ತಾನೆ, ಜೊತೆಗೆ ಬಂದ ಪಕ್ಕದ ಮನೆಯವಳು ಇಬ್ಬರನ್ನೂ ಸರಿಪಡಿಸುತ್ತಾಳೆ. ಪೇಷಂಟಿನ ಪಾಲಿಗೆ ಉಳಿಯುವುದು ನಾಲಿಗೆ ತೋರಿಸುವ ಕೆಲಸ ಮಾತ್ರ. ಅದನ್ನು ನಾವು ಅಂತಃಕರಣ ಎಂದುಕೊಂಡಿದ್ದೇವೆ.

ನರ್ಸಮ್ಮ ಪೆನ್ನು ಕೆಳಗಿಟ್ಟಳು. “ನೀವಿಬ್ಬರೂ ಅವಳನ್ನು ಎಷ್ಟು ಪ್ರೀತಿಸುತ್ತೀರಿ ಎಂದು ಗೊತ್ತಾಯಿತು. ಈಗ ನಾನು ಅವಳ ಮಾತು ಕೇಳಬೇಕು. ಅವಳೊಬ್ಬಳದನ್ನೇ. ಸ್ವಲ್ಪ ಹೊರಗೆ ಕೂರುತ್ತೀರಾ?” ಎಂದಳು. ದನಿ ಮೆತ್ತಗಿತ್ತು. ಬಾಗಿಲು ಮಾತ್ರ ಗಟ್ಟಿಯಾಗಿ ಮುಚ್ಚಿತು.

ನಾನು ಹೊರಗೆ ಕೂತು ಕುದಿದೆ. ಏಳು ಸಮುದ್ರ ದಾಟಿ ಬಂದ ಅಕ್ಕನನ್ನು ಹೊರ ಹಾಕುವುದೇ! “ನಿಮ್ಮನ್ನೂ ಹೊರಗ ಹಾಕಿದ್ರಲ್ರಿ, ಗಂಡನ್ನ!” ಎಂದು ಈರಣ್ಣನವರನ್ನು ಕೆಣಕಿದೆ. ಅವರು ನೆಲ ನೋಡುತ್ತ ಕೂತಿದ್ದರು. “ಅಕ್ಕಾರ, ಮೊನ್ನಿಂದ ಅಕಿನ್ನ ನಾವು ಯಾರರ ಒಂದ ಮಾತು ಕೇಳೇವೇನ್ರಿ?” ಎಂದರು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ನಮ್ಮ ದೇಶದ ಕಾಯ್ದೆಯೂ ಇದನ್ನೇ ಹೇಳುತ್ತದೆ. ವಯಸ್ಸಿಗೆ ಬಂದ ಹೆಂಗಸಾದರೆ ಅವಳೊಬ್ಬಳ ಒಪ್ಪಿಗೆ ಸಾಕು, ಗಂಡನ ಸಹಿ ಬೇಡ. ಆದರೂ ನಮ್ಮ ಎಷ್ಟೋ ದವಾಖಾನೆಗಳಲ್ಲಿ ಗಂಡನನ್ನು ಕರೆತಾ, ಅತ್ತೆಯನ್ನು ಕೇಳು ಎನ್ನುತ್ತಾರೆ. ನಾವೂ ತಕರಾರಿಲ್ಲದೆ ಕರೆದುಕೊಂಡು ಹೋಗುತ್ತೇವೆ. ಕಾಯ್ದೆ ಪುಸ್ತಕದಲ್ಲಿರುತ್ತದೆ, ಹೆಂಗಸು ಬಾಗಿಲ ಹೊರಗಿರುತ್ತಾಳೆ. ಇಲ್ಲಿ ಹೊರಗಿದ್ದವರು ನಾವು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ನೀಲಾಳ ಮುಖ ಅತ್ತ ಮುಖವಲ್ಲ, ದಣಿವು ಇಳಿಸಿದವಳ ಮುಖ.

“ಅಕ್ಕಾ, ನನ್ನ ಕೇಳಿದ್ರು,” ಎಂದಳು.

“ಏನಂತ?”

“ನಿನಗ ಏನ ಬೇಕು ಅಂತ. ಯಾರರ ಒತ್ತಾಯ ಮಾಡ್ಯಾರೇನು ಅಂತ. ತಾಸಗಟ್ಲೆ ಯೋಚನೆ ಮಾಡು, ಬ್ಯಾಡ ಅನಸಿದ್ರ ಬ್ಯಾಡ ಅನ್ನು, ಹಂಗೂ ನಿನ್ನ ನೋಡಕೋತೇವಿ ಅಂದ್ರು.”

“ನೀ ಏನಂದಿ?”

“ಇಲ್ಲೇ ಆಗಲಿ ಅಂದೆ. ಊರಿಗೆ ಬರೂದಿಲ್ಲಕ್ಕ. ಇದು ಇವತ್ತಿಲ್ಲ ನಾಳೆ ಹೋಗೂ ಕೂಸು, ಅದು ಹೋಗೂದನ್ನ ಮುರಗೋಡದ ಮಂದಿ ಮುಂದ ಕುಂತು ಕಾಯಾಕ ನನಗಾಗೂದಿಲ್ಲ. ಆದ್ರ ನಾ ಹಡದ ಕೂಸಿನ್ನ ನೋಡತೇನಿ, ಎತಗೋತೇನಿ, ಮಣ್ಣ ಮಾಡತೇನಿ. ಅದನ್ನೂ ಹೇಳೇನಿ.” ಗಂಡನ ಕಡೆ ತಿರುಗಿ, “ನೀವು ನನ್ನ ಬಾಜೂಕ ಇರ್ರಿ” ಎಂದಳು. ಆಮೇಲೆ ನನಗೆ, “ನೀನೂ ಇರು. ಆದ್ರ ಮಾತಾಡಬ್ಯಾಡ.”

ಅವಳು ಹುಟ್ಟಿದಾಗಿನಿಂದ ಅವಳ ಮಾತನ್ನೆಲ್ಲ ನಾನೇ ಆಡಿದವಳು. ಅಂದು ನಾನು ಮಾತಾಡಲಿಲ್ಲ.

ಆಮೇಲೆ ಬಂದ ಅಲ್ಲಿಯ ಡಾಕ್ಟರಮ್ಮ ಎರಡು ಮಾತಿನಲ್ಲಿ ಈರಣ್ಣನವರ ಅಂಜಿಕೆಯನ್ನೂ ತೆಗೆದಳು. ನಾವು ಕದ್ದು ಮಾಡುತ್ತಿಲ್ಲ, ನೀವು ಕದ್ದು ಬಂದಿಲ್ಲ, ರಾಜ್ಯದ ಕಾಯ್ದೆ ನಮ್ಮಿಬ್ಬರ ಹಿಂದೆಯೂ ನಿಂತಿದೆ ಎಂದಳು. ಹೆರಿಗೆ ನೋವು ಬರುವ ಮದ್ದು ಕೊಟ್ಟರು, ಮರುದಿನ ಮಧ್ಯಾಹ್ನ ಕೂಸು ಬಂತು. ಅಂಗೈಯಷ್ಟು. ಉಸಿರಿರಲಿಲ್ಲ. ನರ್ಸಮ್ಮ ಅದನ್ನು ಒರೆಸಿ, ಪುಟ್ಟದೊಂದು ಹೆಣೆದ ಬಟ್ಟೆಯಲ್ಲಿ ಸುತ್ತಿ, ಬದುಕಿದ ಕೂಸನ್ನು ಕೊಡುವ ಹಾಗೆಯೇ ತಲೆಗೆ ಕೈ ಆನಿಸಿ ನೀಲಾಳ ಕೈಯಲ್ಲಿಟ್ಟಳು. ಗಂಡೋ ಹೆಣ್ಣೋ ಅವಳಿಗೆ ಗೊತ್ತು. ನಾನು ಬರೆಯುವುದಿಲ್ಲ.

ಆಸ್ಪತ್ರೆಯವರದೇ ಒಂದು ತೋಟದಂಥ ಜಾಗವಿದೆ. ಹೂಳುವುದು ನಮ್ಮ ಪದ್ಧತಿ ಎಂದಾಗ ಅವರು ಹೇಗೆ, ಏನು ಬೇಕು ಎಂದು ನೀಲಾಳನ್ನೇ ಕೇಳಿದರು. ನಾನು ತಂದಿದ್ದ ವಿಭೂತಿಯನ್ನು ನೀಲಾ ಆ ಚೂರು ಹಣೆಗೆ ಹಚ್ಚಿದಳು. ಈರಣ್ಣ ಮಣ್ಣು ಕೊಟ್ಟರು. ದಪ್ಪ ಜಡೆಯ ನರ್ಸಮ್ಮ ತನ್ನ ಪಾಳಿ ಮುಗಿದಿದ್ದರೂ ಬಂದು ನಿಂತಿದ್ದಳು.

ಉಡಿ

ನೀಲಾಳ ಒತ್ತಡ ಇಳಿಯುವ ತನಕ ಮಾರ್ಥಾಳ ಮನೆಯಲ್ಲೇ ಇದ್ದೆವು. ಹೊರಡುವ ದಿನ ಅವಳಿಗೆ ಏನು ಕೊಡುವುದು ಎಂದು ತಿಳಿಯಲಿಲ್ಲ. ಹಣದ ಮಾತೆತ್ತಿದರೆ ಬೈದಳು. ಕೊನೆಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಉಡಿ ತುಂಬಿದೆ. ಅವಳಿಗೆ ಸೆರಗೆಲ್ಲಿಯದು, ಸ್ವೆಟರಿನ ಅಂಚನ್ನೇ ಹಿಡಿದು ಒಡ್ಡಿದಳು. ಖಣ, ಅಕ್ಕಿ, ಅವರ ಪೇಟೆಯಲ್ಲಿ ಸಿಕ್ಕ ಒಂದು ಬೋಳು ತೆಂಗಿನಕಾಯಿ. ಇದೇನು ಎಂದು ಕೇಳಿದಳು. ನಮ್ಮಲ್ಲಿ ಮನೆಯ ಹೆಣ್ಣುಮಕ್ಕಳನ್ನು ಬರಿಗೈಲಿ ಕಳಿಸುವುದಿಲ್ಲ ಎಂದೆ. “ಹೊರಟವರು ನೀವಲ್ಲವೇ?” ಎಂದು ನಕ್ಕು ಅತ್ತಳು.

ಗಂಡನಿಲ್ಲದವಳಿಗೆ ಉಡಿ ತುಂಬುವುದನ್ನು ನೋಡಿದರೆ ಊರಲ್ಲಿ ಮುಖ ಸಿಂಡರಿಸುವವರಿದ್ದಾರೆ. ಅವ್ವನಿಗೆ ಫೋನಿನಲ್ಲಿ ಹೇಳಿದೆ. ಬೆಂಡೋಲೆ ಒಮ್ಮೆ ಅಲುಗಿತು. “ಚಲೋ ಮಾಡಿದಿ. ನನ್ನ ಮಗಳನ್ನ ಉಳಿಸ್ಯಾಳ,” ಎಂದಳು.

ಉಳಿಸಿದವಳು ಮಾರ್ಥಾ ಒಬ್ಬಳೇ ಅಲ್ಲ. ಆ ಡಾಕ್ಟರಮ್ಮ, ಆ ನರ್ಸಮ್ಮ, ಇಲಿನಾಯ್ ಚಂದ ಎಂದ ಆ ನೆರೆತ ತಲೆಯ ಮನುಷ್ಯ, ಎಲ್ಲರಿಗೂ ನಾನು ಋಣಿ. ಯಾವುದೋ ಸಭೆಯಲ್ಲಿ ಕೂತು, ನಮ್ಮ ಮುಖವನ್ನೇ ನೋಡದೆ, ನಾಳೆ ಗಡಿಯಾಚೆಯಿಂದ ಒಬ್ಬ ಹೆಂಗಸು ಬರಬಹುದು, ಅವಳಿಗೂ ಇರಲಿ ಎಂದು ಕಾಯ್ದೆ ಬರೆದವರಿಗೂ. ಇಷ್ಟು ವರ್ಷ ನಾನು ಕಾಯ್ದೆಯಿಂದ ಹೊಟ್ಟೆ ಹೊರೆದಿದ್ದೇನೆ, ಅದಕ್ಕೆ ಮನಸಾರೆ ಕೈಮುಗಿದದ್ದು ಅದೇ ಮೊದಲು.

ಸೇತುವೆಯ ಈಚೆ

ಮರಳುವಾಗ ಸೇತುವೆ ಕಾಣತೊಡಗಿದಂತೆ ನೀಲಾ, “ರೀ, ಗಾಡಿ ನಿಲ್ಲಸ್ರಿ,” ಎಂದಳು.

“ಯಾಕ, ತ್ರಾಸ ಆಗಾಕತ್ತೇತೇನು?” ಈರಣ್ಣ ಗಾಬರಿಯಾದರು.

“ಇಲ್ರಿ. ಆ ಕಡಿ ಹೋದಮ್ಯಾಲ ಯಾರರ ಕೇಳಿದ್ರ ಕೂಸು ಹೋತು ಅಂತಷ್ಟ ಹೇಳಬೇಕು. ಎಲ್ಲಿ, ಹೆಂಗ ಅಂತ ಹೇಳಂಗಿಲ್ಲ. ಅಳೂದನ್ನೂ ಅಂಜಕೋತ ಅಳಬೇಕು. ಇಲ್ಲೇ ಅತ್ತು ಬರತೇನಿ.”

ನದಿಯ ದಂಡೆಗೆ ಇಳಿಯುವ ಒಂದು ದಾರಿಯಲ್ಲಿ ಈರಣ್ಣ ಕಾರು ಒಯ್ದು ನಿಲ್ಲಿಸಿದರು. ನೀಲಾ ಇಳಿದು ಹುಲ್ಲಿನ ಮೇಲೆ ಕೂತಳು. ಸ್ಕ್ಯಾನಿಂಗ್ ಕೋಣೆಯಲ್ಲಿ, ಆಸ್ಪತ್ರೆಯಲ್ಲಿ, ಮಣ್ಣು ಕೊಡುವಾಗ, ಎಲ್ಲಿಯೂ ಅವಳು ದನಿ ತೆಗೆದು ಅತ್ತಿರಲಿಲ್ಲ. ಈಗ ಸೆರಗನ್ನು ತಲೆಯ ಮೇಲೆ ಹೊದ್ದು, ನಮ್ಮೂರಿನ ಹೆಂಗಸರು ಅಳುವಂತೆ, ಒಂದೊಂದನ್ನೇ ಹೆಸರಿಸಿ ಹಾಡಿಕೊಂಡು ಅತ್ತಳು. ತೊಡಿಸದ ಬಳೆ ಹೇಳಿದಳು, ಕಟ್ಟದ ತೊಟ್ಟಿಲು ಹೇಳಿದಳು, ಒದೆಯದ ಕಾಲು ಹೇಳಿದಳು. ಅವಳ ದನಿ ಆ ದೊಡ್ಡ ನೀರಿನ ಮೇಲೆ ಹೋಯಿತು. ಸಾಕು ಸುಮ್ಮನಾಗು ಎನ್ನಲು ನನ್ನ ಬಾಯಿ ತೆರೆದಿತ್ತು. ತೆರೆದ ಬಾಯಲ್ಲಿ ನನಗೂ ಅಳುವೇ ಬಂತು. ಈರಣ್ಣ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತು ಅತ್ತರು.

ಅಳು ತಾನಾಗಿ ಮುಗಿದ ಮೇಲೆ ಅವಳು ಎದ್ದಳು. ಆಸ್ಪತ್ರೆಯಿದ್ದ ಊರಿನ ಕಡೆ ತಿರುಗಿ, ಬಗ್ಗಿ, ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ನನ್ನ ಕೂಸಿನ್ನ ಇಟಗೊಂಡಿಯವ್ವಾ, ನನ್ನ ಉಳಿಸಿ ಕಳಸಾಕತ್ತಿ,” ಎಂದಳು. “ಹೋಗಿ ಬರತೇನಿ.”

ಈರಣ್ಣ ಕಾರು ತೆಗೆದರು. ಸೇತುವೆ ಹತ್ತಿದೆವು.